ನನ್ನದೇ ಆ್ಯಪ್, ನನಗೇ ಹನ್ನೊಂದು ಗುಣ

ಗೆಳೆಯರೇ, ಕಾಲೇಜಿನಲ್ಲಿದ್ದಾಗ ‘ಲಗ್ನಗಂಟು’ ಎಂಬ ಜಾತಕ ಕೂಡಿಸುವ ಆ್ಯಪ್ ಮಾಡಿದ್ದೆ. ನನಗೆ ಜ್ಯೋತಿಷ್ಯದ ಗಂಧಗಾಳಿಯೂ ಇರಲಿಲ್ಲ. ಹಾಗಾಗಿ ಮೂವತ್ತಾರು ಗುಣಗಳಲ್ಲಿ ಎಷ್ಟು ಕೂಡಿದವು ಎಂದು ಒತ್ತಿದಾಗಲೆಲ್ಲ ಬಾಯಿಗೆ ಬಂದ ಅಂಕಿ ಹೇಳುವಂತೆ ಬರೆದಿದ್ದೆ. ಇವತ್ತು ನಾಚಿಕೆಯಾಗಿ ಅದನ್ನು ಅಳಿಸಲು ಕೂತರೆ, ಹೋದ ವಾರ ನೋಡಿ ಬಂದಿದ್ದ ಧಾರವಾಡದ ಹುಡುಗಿಯ ಅಪ್ಪನ ಫೋನು.

“ಹುಡುಗಿ ಒಪ್ಯಾಳ್ರಿ. ಆದ್ರ ಬರೇ ಹನ್ನೊಂದು ಗುಣ ಕೂಡ್ಯಾವ.”

“ಜಾತಕ ಯಾರ ಕಡೆ ತೋರಿಸಿದ್ರಿ?”

“ಲಗ್ನಗಂಟು ಆ್ಯಪ್‌ನ್ಯಾಗ.”

ನಿಜ ಹೇಳಿದರೆ ನನಗೆ ಹೆಣ್ಣು ಕೊಡುವವರು ಯಾರು? “ಇನ್ನೊಮ್ಮೆ ಒತ್ತಿ ನೋಡ್ರಿ,” ಎಂದೆ.

ಒತ್ತಿದರು. ಒಂಬತ್ತು ಬಂತು.

“ನೋಡ್ರಿ, ಮಾತಾಡೂದ್ರಾಗ ಎರಡು ಕಡಿಮಿ ಆದುವು!” ಎಂದು ಫೋನಿಟ್ಟರು.

ಆ್ಯಪ್ ಅಳಿಸಿದೆ. ನಾನು ಬರೆದದ್ದರಲ್ಲಿ ಜನ ಇಷ್ಟು ನಂಬಿದ್ದು ಅದೊಂದನ್ನೇ.