ಹಾಡಿನ ನಡುವೆ ಬಂದ ಶಾಲು

ಹಾಡುತ್ತಿರುವ ಮನುಷ್ಯನ ತಲೆಗೆ ಮೈಸೂರು ಪೇಟ ತೊಡಿಸಿದ್ದನ್ನು ನೀವು ನೋಡಿದ್ದೀರಾ? ನಾನು ನೋಡಿದೆ. ಕಳೆದ ಭಾನುವಾರ, ಕಡೂರಿನ ಒಂದು ಕಲ್ಯಾಣ ಮಂಟಪದಲ್ಲಿ.

ಹಾಡುತ್ತಿದ್ದವರು ತರೀಕೆರೆಯ ಬಷೀರ್ ಸಾಬ್ರು. ನಿವೃತ್ತ ಹವಾಲ್ದಾರ್, ನನ್ನ ವಾಕಿಂಗ್ ಗೆಳೆಯ. (ಅವರು ವಾಕ್ ಮಾಡುತ್ತಾರೆ, ನಾನು ಹಿಂದೆ ಏದುಸಿರು ಬಿಡುತ್ತೇನೆ.) ಮಿಲಿಟರಿಯಿಂದ ಬಂದ ಮೇಲೆ ಅವರಿಗೆ ನಿದ್ದೆಯೇ ಹತ್ತುತ್ತಿರಲಿಲ್ಲ. ಡಾಕ್ಟರು ಮಾತ್ರೆ ಕೊಟ್ಟರು. ನೆಂಟರು ಬುದ್ಧಿ ಕೊಟ್ಟರು. ಕೊನೆಗೆ ಅವರನ್ನು ಮಲಗಿಸಿದ್ದು ಹಾಡು. ಪದ ಕಟ್ಟುವುದು, ರಾಗಕ್ಕೆ ಕೂರಿಸುವುದು, ಒಗ್ಗದಿದ್ದರೆ ಮುರಿದು ಮತ್ತೆ ಕಟ್ಟುವುದು. ಈಗ ಅವರಿಗೆ ಬೆಳಿಗ್ಗೆ ಏಳುವುದಕ್ಕೊಂದು ಕಾರಣವಿದೆ.

ಭಾನುವಾರದ ಹಾಡು ಪಂಚನಹಳ್ಳಿಯ ರಂಗಪ್ಪನ ಬಗ್ಗೆ. ಮಿಲಿಟರಿಯಲ್ಲಿ ಸಾಬ್ರ ಜೊತೆಗೇ ಇದ್ದವರು, ಗಡಿಯಲ್ಲಿ ಹಿಮ ಕುಸಿದು ತೀರಿಕೊಂಡವರು. ಮನೆಯಲ್ಲಿ ದಖ್ಖನಿ ಉರ್ದು ಮಾತಾಡುವ ಸಾಬ್ರು ಇದನ್ನು ಕಟ್ಟಿದ್ದು ಕನ್ನಡದಲ್ಲಿ.

"ಜಯಮ್ಮಂಗೆ ಅರ್ಥ ಆಗ್ಬೇಕಲ್ಲ ಸಾರ್" ಎಂದಿದ್ದರು. ಜಯಮ್ಮ ರಂಗಪ್ಪನ ಹೆಂಡತಿ. "ಕೊನೇ ದಿನ ಅವ್ನು ಹೆಂಗಿದ್ದ ಅಂತ ಆಯಮ್ಮಂಗೆ ನಾನೇ ಹೇಳ್ಬೇಕಿತ್ತು. ಎದ್ರುಗೆ ಕೂತು ಹೇಳಕ್ಕಾಗ್ಲಿಲ್ಲ. ಹಾಡಿದ್ರೆ ಆಯ್ತದೇನೋ."

ಹಾಗಾಗಿ ಸೈನಿಕರ ಸನ್ಮಾನ ಸಮಿತಿಯವರು ಕರೆದಾಗ, ಜಯಮ್ಮನೂ ಬರುತ್ತಾರೆಂದು ತಿಳಿದು ಒಪ್ಪಿಕೊಂಡರು.

ಸಮಿತಿಯ ಅಧ್ಯಕ್ಷರು ಹಾಡನ್ನು ಮೊದಲೇ ಕೇಳಿಸಿಕೊಂಡರು. ಮುಖ ಸಪ್ಪಗಾಯಿತು.

"ಗೊರಕೆ, ಕೊಬ್ರಿ, ಚಟ್ನಿ ಎಲ್ಲಾ ಐತೆ. ಶತ್ರು ಎಲ್ಲಿ ಸಾಬ್ರೇ?"

"ಹಿಮ ಬಿದ್ದು ಹೋದ ಕಣಪ್ಪ. ಶತ್ರು ಎಲ್ಲಿಂದ ತರ್ಲಿ?"

"ಒಂದ್ ಲೈನಾದ್ರೂ ಹಾಕಿ. ಜೋಶ್ ಬೇಡ್ವಾ?"

(ನಮ್ಮ ಜನಕ್ಕೆ ಗುಂಡಿನ ಸದ್ದು ಬಹಳ ಇಷ್ಟ. ದೂರದಿಂದ.)

ಸಾಬ್ರು ಶತ್ರುವನ್ನು ಹಾಕಲಿಲ್ಲ. ಭಾನುವಾರ ಆ ಕೊರತೆಯನ್ನು ಭಾಷಣಕಾರರೇ ತುಂಬಿದರು. ಒಬ್ಬೊಬ್ಬರೂ ಮೈಕ್ ಹಿಡಿದು ಗಡಿಗೆ ಹೋಗಿ, ಗೆದ್ದು, ವಾಪಸ್ ಬಂದು ಕುರ್ಚಿಯಲ್ಲಿ ಕೂತರು. ಅಷ್ಟು ಯುದ್ಧ ಮುಗಿದ ಮೇಲೆ ನಿಜವಾದ ಸೈನಿಕನ ಸರದಿ ಬಂತು.

ನಿನ್ನ ಗೊರಕೆಗೆ ಹಿಮವೂ ನಿದ್ದೆಗೆಟ್ಟಿತು ರಂಗಪ್ಪ,
ಕೊಬ್ಬರಿ ಚೂರು ಕೈಗಿಟ್ಟು ಊರು ತೋರಿದೆ ರಂಗಪ್ಪ.

ಇಷ್ಟರಲ್ಲಿ ಮುಖ್ಯ ಅತಿಥಿಗಳು ವಾಚ್ ನೋಡಿಕೊಂಡರು. ಅಜ್ಜಂಪುರದಲ್ಲಿ ಇನ್ನೊಂದು ಫಂಕ್ಷನ್ ಇತ್ತಂತೆ. ಅವರು ಹೋಗಿಬಿಟ್ಟರೆ ಸನ್ಮಾನ ಮಾಡುವವರು ಯಾರು? ಎರಡನೇ ಚರಣದ ನಡುವೆಯೇ ಶಾಲು ಬಂತು. ಹಾರ ಬಂತು. ಪೇಟ ಬಂದು ಕಣ್ಣಿನ ಮೇಲೆ ಕೂತಿತು. ಸಾಬ್ರು ಹಾಡು ನಿಲ್ಲಿಸಲಿಲ್ಲ. ಆಗ ಹಣ್ಣಿನ ಬುಟ್ಟಿ ಕೈಗೆ ಬಂತು, ಮೈಕ್ ಕೈಯಿಂದ ಹೋಯಿತು. ಹಾಡು ನಿಂತಿತು.

"ಸ್ವಲ್ಪ ನಗಿ ಸಾರ್" ಎಂದ ಫೋಟೋಗ್ರಾಫರ್.

ಜೈಕಾರ ಮೊಳಗಿತು. ಅತಿಥಿಗಳ ಹಿಂದೆ ಅರ್ಧ ಸಭೆ ಕಾರಿನ ಕಡೆಗೆ ಹೋಯಿತು, ಉಳಿದರ್ಧ ಊಟದ ಹಾಲ್‌ಗೆ. ದೇಶಪ್ರೇಮಕ್ಕೂ ಹಸಿವಾಗುತ್ತದೆ, ತಪ್ಪೇನಿಲ್ಲ. ಆದರೆ ಸಾಬ್ರು ಬುಟ್ಟಿ ಹಿಡಿದು ನಿಂತೇ ಇದ್ದರು.

ವೇದಿಕೆಯ ಮೇಲೆಯೇ ಕೂತಿದ್ದ ಜಯಮ್ಮ ಎದ್ದು ಬಂದರು. ಅವರಿಗೂ ಒಂದು ಶಾಲು ಹೊದಿಸಿದ್ದರು. ಸಾಬ್ರ ಕೈಯಿಂದ ಬುಟ್ಟಿ ತೆಗೆದು ಕೆಳಗಿಟ್ಟರು.

"ಅರ್ಧಕ್ಕೇ ನಿಂತೋಯ್ತಲ್ಲಣ್ಣ. ಅವರ ಹೆಸ್ರು ಬಂತು ಅದ್ರಾಗೆ. ಪೂರ್ತಿ ಹೇಳಿ."

ಮೈಕ್ ಸೆಟ್‌ನವನು ವೈರ್ ಸುತ್ತುತ್ತಿದ್ದ. ಇಬ್ಬರೂ ಪ್ಲಾಸ್ಟಿಕ್ ಕುರ್ಚಿಯಲ್ಲಿ ಎದುರುಬದುರು ಕೂತರು. ಸಾಬ್ರು ಪೇಟ ತೆಗೆದಿಟ್ಟು ಮೊದಲಿನಿಂದ ಶುರು ಮಾಡಿದರು. ಈ ಸಲ ಕೊನೆಯ ಚರಣ ಬಂತು.

ಕಡೇ ಸಂಜೆ ಚಹಾ ಹಿಡಿದು ನಗುತ ಕೂತೆ ರಂಗಪ್ಪ,
ಜಯಮ್ಮನ ಚಟ್ನಿಗೆ ಉಪ್ಪು ಜಾಸ್ತಿ ಅಂದೆ ರಂಗಪ್ಪ.

ಜಯಮ್ಮ ತಟ್ಟನೆ ತಲೆ ಎತ್ತಿದರು. "ಉಪ್ಪು ಜಾಸ್ತಿ ಅಂದ್ರಾ? ನನ್ನೆದ್ರುಗೆ ಒಂದಿನಾನೂ ಅಂದಿಲ್ಲ ಕಣಣ್ಣ."

ನಕ್ಕರು. ನಗುತ್ತಲೇ ಅತ್ತರು. ಶಾಲಿನ ತುದಿಯಲ್ಲಿ ಕಣ್ಣೊರೆಸಿಕೊಂಡು ಹೇಳಿದರು: "ಇಷ್ಟ್ ವರ್ಷ ಎಲ್ರೂ ವೀರ, ವೀರ ಅಂದ್ರು. ಕೊನೇ ದಿನ ನಗ್ತಿದ್ರು ಅಂತ ಒಬ್ರೂ ಹೇಳ್ಲಿಲ್ಲ."

ಬಾಯಿ ತೆರೆದ ಸೈನಿಕನಿಗೆ ನಾವು ಅಷ್ಟು ಅವಸರದಲ್ಲಿ ಶಾಲು ಹೊದಿಸುವುದು ಗೌರವಕ್ಕೋ, ಅಥವಾ ಅವನು ಹೇಳುವುದನ್ನು ಕೇಳಬೇಕಾದೀತು ಎಂಬ ಭಯಕ್ಕೋ?