ಎರಡು ಹಾಜರಿ ಪುಸ್ತಕಗಳಲ್ಲಿ ನಾನು

ಪಿ.ಯು.ಸಿ. ಎಂಬುದು ಮಂಗಳೂರಿಗೆ ಬಂದು ಆಗ ಒಂದೆರಡು ವರ್ಷವಾಗಿತ್ತಷ್ಟೆ. ಅದಕ್ಕೆ ಮೊದಲಿದ್ದ ಎರಡು ವರ್ಷದ ಇಂಟರ್‌ಮೀಡಿಯೆಟ್ ಎಲ್ಲರಿಗೂ ಗೊತ್ತಿತ್ತು. ಈ ಹೊಸದು ಒಂದೇ ವರ್ಷದ್ದು. ಇಂಗ್ಲಿಷ್ ಒಂದು, ಎರಡನೆಯ ಭಾಷೆ ಒಂದು, ಜೊತೆಗೆ ಮೂರು ಐಚ್ಛಿಕ ವಿಷಯ. ಆ ಮೂರನ್ನು ಜೂನ್ ತಿಂಗಳಲ್ಲಿ ಒಂದು ಫಾರಂನಲ್ಲಿ ಬರೆದು ಕೊಟ್ಟರೆ ಮುಗಿಯಿತು, ಜೀವಮಾನಕ್ಕೆ ಅದೇ. ಡಾಕ್ಟರಾಗುವವರು ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ತೆಗೆದುಕೊಳ್ಳಲೇಬೇಕು. ಒಂದು ತಪ್ಪಿದರೂ ಮೆಡಿಕಲ್ ಕಾಲೇಜಿನ ಆಸೆ ಬಿಡಬೇಕು. ಹದಿನಾರು ವರ್ಷದವರ ಕೈಗೆ ಇಷ್ಟು ದೊಡ್ಡ ಅಧಿಕಾರ ಕೊಡಬಾರದು ಎಂದು ಈಗ ಅನಿಸುತ್ತದೆ. ನನಗಂತೂ ಅದನ್ನು ಯಾರೂ ಕೊಟ್ಟಿರಲಿಲ್ಲ.

ನನಗೆ ಡಾಕ್ಟರಾಗಬೇಕಿತ್ತು. ಸೇವೆ ಗೀವೆ ಎಂಬ ದೊಡ್ಡ ಮಾತು ಇದಕ್ಕೆ ಕಾರಣವಲ್ಲ. ಅಮ್ಮ ಮೀನು ಕೊಯ್ಯುವಾಗ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಬಂಗುಡೆಯ ಹೊಟ್ಟೆಯೊಳಗೆ ಯಾವುದು ಎಲ್ಲಿದೆ ಎಂದು ನೋಡುವುದು ನನಗೆ ಚಿಕ್ಕಂದಿನಿಂದ ಹುಚ್ಚು. ಅಮ್ಮ ಬೈಯುತ್ತಿದ್ದಳು. ಅಪ್ಪ ಮಾತ್ರ, ಇವಳು ಮನುಷ್ಯರ ಹೊಟ್ಟೆಯನ್ನೂ ಹೀಗೇ ನೋಡುವವಳು, ಓದಿಸೋಣ ಎನ್ನುತ್ತಿದ್ದರು.

ನಮ್ಮದು ಅಳಿಯಸಂತಾನದ ತುಳು ಕುಟುಂಬ. ಮಕ್ಕಳು ತಾಯಿಯ ಮನೆತನಕ್ಕೆ ಸೇರಿದವರು; ಅವರ ವಿಷಯದಲ್ಲಿ ಕೊನೆಯ ಮಾತು ಸೋದರಮಾವನದು. ಹಂಚಿನ ಕಾರ್ಖಾನೆಯಲ್ಲಿ ಸೂಪರ್‌ವೈಸರ್ ಆಗಿದ್ದ ಅಪ್ಪ ಕದ್ರಿಯಲ್ಲಿ ಮನೆ ಮಾಡಿ ನಮ್ಮನ್ನು ಸಾಕುತ್ತಿದ್ದರು. ಆದರೂ ನನ್ನ ಕಿವಿ ಚುಚ್ಚುವುದಕ್ಕೂ ಶಾಲೆಗೆ ಸೇರಿಸುವುದಕ್ಕೂ ತೊಕ್ಕೊಟ್ಟಿನ ಕಡೆಯಿಂದ ಮಾವ ನದಿ ದಾಟಿ ಬರಬೇಕಿತ್ತು. ಆಗ ನೇತ್ರಾವತಿಗೆ ರಸ್ತೆ ಸೇತುವೆ ಇರಲಿಲ್ಲ, ದೋಣಿಯೇ ಗತಿ. ಅಪ್ಪನೂ ಮಾವನೂ ಒಬ್ಬರಿಗೊಬ್ಬರು ತೋರಿಸುತ್ತಿದ್ದ ಮರ್ಯಾದೆ ಎಷ್ಟೆಂದರೆ, ಒಬ್ಬರು ಕೂರುವ ತನಕ ಇನ್ನೊಬ್ಬರು ಕೂರುತ್ತಿರಲಿಲ್ಲ. ಇಬ್ಬರೂ ಹಾಗೆ ನಿಂತೇ ಮಾತಾಡಿ ಮುಗಿಸಿದ ದಿನಗಳನ್ನು ನಾನು ಕಂಡಿದ್ದೇನೆ.

ಫಾರಂನಲ್ಲಿ 'ತಂದೆ ಅಥವಾ ಪೋಷಕರ ಸಹಿ' ಎಂದಿತ್ತು. ಅಪ್ಪ ವಿಜ್ಞಾನದ ಮೂರು ವಿಷಯ ಬರೆದು, ಸಹಿ ಹಾಕಿ, ಎಸ್‌.ಎಸ್‌.ಎಲ್‌.ಸಿ. ಸರ್ಟಿಫಿಕೇಟು ಪುಸ್ತಕದ ಜೊತೆ ತಾವೇ ಕಾಲೇಜಿಗೆ ಕೊಟ್ಟು ಬಂದರು. ಅಮ್ಮನಿಗೆ ಅಂದಿನಿಂದ ಊಟ ಸೇರಲಿಲ್ಲ. ತನ್ನ ಅಣ್ಣನನ್ನು ಕೇಳದೆ ಮಗಳನ್ನು ಕಾಲೇಜಿಗೆ ಹಾಕಿದ್ದು ಅವಳಿಗೆ ದೇವರಿಗೆ ಕೈಮುಗಿಯದೆ ಹೊರಟಷ್ಟೇ ಅಪಚಾರ. ಅವಳು ಇನ್ನೊಂದು ಖಾಲಿ ಫಾರಂ ತರಿಸಿ, ಅಪ್ಪ ಕೊಟ್ಟದ್ದರ ಸುದ್ದಿಯೆತ್ತದೆ ಅಣ್ಣನ ಮುಂದಿಟ್ಟಳು.

ಮಾವ ಹಳೆಯ ಕಾಲದವರು ಎಂದುಕೊಳ್ಳಬೇಡಿ. ಹೆಣ್ಣು ಓದಬಾರದು ಎಂದವರಲ್ಲ. ಆಸ್ತಿ ಪಾಲಾಗಬಹುದು ಎಂಬ ಹೊಸ ಕಾನೂನು ಬಂದು ಮನೆಮನೆಯಲ್ಲಿ ವ್ಯಾಜ್ಯ ಶುರುವಾಗಿದ್ದ ಕಾಲ ಅದು. ನಮ್ಮ ಮನೆತನದ ಹೆಣ್ಣೊಬ್ಬಳು ವಕೀಲೆಯಾಗಿ ಕೋರ್ಟಿನಲ್ಲಿ ನಿಂತು ಮಾತಾಡಬೇಕು ಎಂಬುದು ಅವರ ಕನಸು. ಇತಿಹಾಸ, ಅರ್ಥಶಾಸ್ತ್ರ, ತರ್ಕಶಾಸ್ತ್ರ ಎಂದು ಬರೆದು ಸಹಿ ಹಾಕಿದರು. ಕಾಲೇಜಿನ ಹೆಡ್ ಕ್ಲಾರ್ಕ್ ಅವರ ಪರಿಚಯದವರು; ಸರ್ಟಿಫಿಕೇಟು ಆಮೇಲೆ ತಂದರೂ ಸಾಕೆಂದು ಹೆಸರು ಹಚ್ಚಿಕೊಂಡರು. ಅಪ್ಪನ ಫಾರಂನಲ್ಲಿ ನನ್ನ ಹೆಸರಿನ ಹಿಂದೆ ಅಪ್ಪನ ಇನಿಷಿಯಲ್ ಇತ್ತು. ಮಾವನದರಲ್ಲಿ ನಮ್ಮ ಪದ್ಧತಿಯಂತೆ ತಾಯಿಮನೆಯ ಹೆಸರು ಇತ್ತು. ಕಚೇರಿಯ ಲೆಕ್ಕಕ್ಕೆ ಇಬ್ಬರು ಹುಡುಗಿಯರಾದರು.

ಜಾತಕ ಇಬ್ಬರಿಗೆ ಕೊಟ್ಟರೂ ಸಂಬಂಧ ಒಂದೇ ಕೂಡಿಬರುತ್ತದಲ್ಲ, ಕಾಲೇಜಿನವರೂ ಎರಡರಲ್ಲಿ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಹಿಂದೆ ಕಳಿಸುತ್ತಾರೆ ಎಂದು ಅಮ್ಮ ತಿಳಿದಿದ್ದಳಂತೆ. ಇದನ್ನು ಅವಳು ನನಗೆ ಹೇಳಿದ್ದು ಎಲ್ಲ ಮುಗಿದ ಮೇಲೆ.

ನಾನು ಖುಷಿಯಲ್ಲಿದ್ದೆ. ನನ್ನ ಹಾಜರಿ ನಂಬರು ನಲವತ್ತೆರಡು. ಬೆರಳಿನಿಂದ ಫಾರ್ಮಲಿನ್ ವಾಸನೆ ಹೋಗುತ್ತಿರಲಿಲ್ಲ, ಹೋಗಬೇಕೆಂದು ನಾನೂ ತಿಕ್ಕುತ್ತಿರಲಿಲ್ಲ. ಜಿರಳೆಯ ಬಾಯಿಯ ಭಾಗಗಳನ್ನು ರೆಕಾರ್ಡ್ ಪುಸ್ತಕದಲ್ಲಿ ಬಿಡಿಸಿ ಲೆಕ್ಚರರ ಸಹಿ ಪಡೆದ ದಿನ ಮನೆಯವರೆಗೆ ಓಡಿಕೊಂಡೇ ಬಂದಿದ್ದೆ. ಅದೇ ಗಂಟೆಯಲ್ಲಿ, ಮಹಡಿಯ ಮೇಲಿನ ಲಾಜಿಕ್ ತರಗತಿಯಲ್ಲಿ ನನ್ನದೇ ಹೆಸರನ್ನು ಕೂಗಿ, ಉತ್ತರವಿಲ್ಲದೆ, ಗೈರುಹಾಜರಿ ಹಾಕುತ್ತಿದ್ದರು. ಮುಕ್ಕಾಲು ಪಾಲು ಹಾಜರಿ ಇಲ್ಲದವರನ್ನು ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮವಿತ್ತು. ಅದಕ್ಕಾಗಿ ಕಚೇರಿಯಿಂದ ಪೋಷಕರಿಗೆ ಕಾರ್ಡು ಹೋಗುತ್ತಿತ್ತು. ತಮ್ಮ ಹುಡುಗಿ ಸತತವಾಗಿ ತರಗತಿಗೆ ಬರುತ್ತಿಲ್ಲ ಎಂಬ ಮೊದಲ ಕಾರ್ಡು ಮಾವನಿಗೆ ಆಗಸ್ಟಿನಲ್ಲೇ ತಲುಪಿತು.

ಮಾವ ಯಾರಲ್ಲೂ ಕೇಳಲಿಲ್ಲ. ಬೆಳೆದ ಹುಡುಗಿಯ ಬಗ್ಗೆ ಬಾಯಿಬಿಟ್ಟು ಕೇಳಿದರೆ ಕೇಳಿದ್ದೇ ಸುದ್ದಿಯಾಗುತ್ತದೆ ಎಂಬ ಭಯ ಅವರಿಗೆ. ಬದಲಿಗೆ ನೋಡತೊಡಗಿದರು. ಒಂದು ಬೆಳಿಗ್ಗೆ ಕಾಲೇಜಿನ ಗೇಟಿನ ಎದುರು, ರಸ್ತೆಯಾಚೆ, ಕೊಡೆ ಊರಿಕೊಂಡು ನಿಂತವರನ್ನು ಕಂಡೆ. ನಕ್ಕೆ. ಅವರು ನಗಲಿಲ್ಲ. ನಾನು ಗೇಟಿನೊಳಗೆ ಹೋಗುವುದನ್ನು ನೋಡಿ, ಸಂಜೆ ಅದೇ ಜಾಗದಲ್ಲಿ ನಾನು ಹೊರಬರುವುದನ್ನೂ ನೋಡಿದರು. ಮರುವಾರ ಮತ್ತೆ. ಒಳಗೆ ಹೋಗುವವಳು ತರಗತಿಯಲ್ಲಿ ಇಲ್ಲವೆಂದರೆ ನಡುವೆ ಎಲ್ಲಿರುತ್ತಾಳೆ? ಅವರ ತಲೆಯಲ್ಲಿ ಓಡಿದ ಯೋಚನೆ ನನಗೆ ತಿಳಿದಿರಲಿಲ್ಲ. ಆದರೆ ನಾನೇನೋ ತಪ್ಪು ಮಾಡಿದ್ದೇನೆ, ಏನೆಂದು ನನಗೇ ಗೊತ್ತಿಲ್ಲ ಎಂಬ ಭಯ ಶುರುವಾಯಿತು. ಮನೆಯಲ್ಲಿ ಮಾವನ ಮಾತೆತ್ತಿದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು. ರಸ್ತೆಯಲ್ಲಿ ಕೊಡೆ ಹಿಡಿದ ಯಾರನ್ನು ಕಂಡರೂ ಪಕ್ಕದ ಓಣಿಗೆ ತಿರುಗಿಬಿಡುತ್ತಿದ್ದೆ.

ಜನವರಿಯ ಒಂದು ಭಾನುವಾರ ಮಾವ ಬಂದರು. ಅಪ್ಪ ಮನೆಯಲ್ಲಿದ್ದರು. ಮಾವ ನಿಂತುಕೊಂಡೇ ಜೇಬಿನಿಂದ ನಾಲ್ಕು ಕಾರ್ಡು ತೆಗೆದು ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟರು.

"ಭಾವ, ನಮ್ಮ ಹುಡುಗಿ ಜೂನ್‌ನಿಂದ ಒಂದು ದಿನವೂ ಕ್ಲಾಸಿಗೆ ಹೋಗಲಿಲ್ಲ. ಎಲ್ಲಿಗೆ ಹೋಗ್ತಾಳೆ ಅಂತ ನಿಮಗೆ ಗೊತ್ತುಂಟಾ?" ಎಂದರು.

ಅಪ್ಪ ನನ್ನ ಮುಖ ನೋಡಿದರು. ಆ ನೋಟವನ್ನು ಈ ವಯಸ್ಸಿನಲ್ಲೂ ಕ್ಷಮಿಸಲು ನನ್ನಿಂದ ಆಗಿಲ್ಲ. ಅರೆಕ್ಷಣ ಅವರು ಅದನ್ನು ನಂಬಿದ್ದರು. ನಾನು ಒಳಗೆ ಓಡಿ ರೆಕಾರ್ಡ್ ಪುಸ್ತಕ ತಂದು ಮಾವನ ಕೈಗೆ ಕೊಟ್ಟೆ. ಅವರು ಕನ್ನಡಕ ಹಾಕಿ ಹಾಳೆ ಹಾಳೆಯನ್ನೂ ತಿರುವಿದರು. ಪ್ರತಿ ಹಾಳೆಯಲ್ಲೂ ತಾರೀಕು, ಲೆಕ್ಚರರ ಸಹಿ.

"ಲಾಜಿಕ್‌ನಲ್ಲಿ ಕಪ್ಪೆ ಎಂತಕ್ಕೆ?" ಎಂದು ಕೇಳಿದರು.

ಲಾಜಿಕ್ ಎಲ್ಲಿಂದ ಬಂತು ಎಂದು ಅಪ್ಪ ಕೇಳಿದರು. ಆಮೇಲೆ ಇಬ್ಬರೂ ಒಟ್ಟಿಗೇ ಅಮ್ಮನ ಕಡೆ ತಿರುಗಿದರು. ಅಮ್ಮ ಬಾಗಿಲ ಚೌಕಟ್ಟಿಗೆ ಒರಗಿಕೊಂಡು, ನಾನೇ ಮಾಡಿದ್ದು, ಇಬ್ಬರಿಗೂ ಬೇಜಾರಾಗಬಾರದು ಅಂತ ಮಾಡಿದ್ದು ಎಂದಳು. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಜಗಳವಾಗಿದ್ದರೆ ಯಾರಾದರೂ ಒಬ್ಬರು ಗೆಲ್ಲುತ್ತಿದ್ದರು. ಮಾವ ಪುಸ್ತಕವನ್ನು ಮುಚ್ಚಿ ನನ್ನ ತಲೆ ಮುಟ್ಟಿ, ಊಟವನ್ನೂ ಮಾಡದೆ ದೋಣಿ ಹಿಡಿಯಲು ಹೊರಟರು. ಅಪ್ಪ ಅವರನ್ನು ರಸ್ತೆಯವರೆಗೆ ಬಿಟ್ಟು ಬಂದು ಸಂಜೆಯವರೆಗೆ ಜಗಲಿಯಲ್ಲಿ ಕುಳಿತರು.

ಮುಂದಿನ ಎರಡು ದಿನಗಳಲ್ಲಿ ನಡೆದದ್ದು ನಮ್ಮವರಿಂದ ಮಾತ್ರ ಆಗುವಂಥದ್ದು. ಅಪ್ಪ ಸೋಮವಾರ ಕಾರ್ಖಾನೆಗೆ ಹೋಗುವ ಮೊದಲು ಕಾಲೇಜಿಗೆ ಹೋಗಿ ತಮ್ಮ ಅರ್ಜಿಯನ್ನು ಹಿಂದೆ ತೆಗೆದುಕೊಂಡರು. ಅಣ್ಣ ತಂಗಿಯ ಸಂಬಂಧ ತನ್ನ ಹಟದಿಂದ ಕೆಡುವುದು ಬೇಡ, ಮಾವ ಬರೆದದ್ದೇ ಇರಲಿ, ಹುಡುಗಿ ಬುದ್ಧಿವಂತೆ, ಲಾಜಿಕ್ ಮೂರು ತಿಂಗಳಲ್ಲಿ ಓದಿಯಾಳು, ಹಾಜರಿಯ ಕೊರತೆಯನ್ನು ಮಾವ ಕಚೇರಿಯಲ್ಲಿ ಹೇಳಿ ಸರಿಮಾಡಿಸಿಯಾರು ಎಂಬುದು ಅವರ ಎಣಿಕೆ. ಮಂಗಳವಾರ ಮಾವ ಬಂದು ತಮ್ಮ ಅರ್ಜಿಯನ್ನು ಹಿಂದೆ ತೆಗೆದುಕೊಂಡರು. ಆ ಕಪ್ಪೆಯ ಚಿತ್ರಗಳನ್ನು ನೋಡಿದ ಮೇಲೆ ವಕೀಲಿ ಬೇಡ ಎನಿಸಿತಂತೆ. ಇಬ್ಬರೂ ಮನೆಯಲ್ಲಿ ತಿಳಿಸಲಿಲ್ಲ. ಹೇಳಿದರೆ ಉಪಕಾರ ಎತ್ತಿ ತೋರಿಸಿದ ಹಾಗಾಗುತ್ತದೆ ಎಂಬ ಸಂಕೋಚ. ಕಚೇರಿಯವರಿಗೆ ಅವು ಇಬ್ಬರು ಬೇರೆ ಬೇರೆ ಹುಡುಗಿಯರ ಅರ್ಜಿಗಳು; ವಾರದ ಕೊನೆಗೆ ಎರಡು ಹಾಜರಿ ಪುಸ್ತಕಗಳಲ್ಲೂ ಕೆಂಪು ಗೆರೆ ಎಳೆದರು.

ಮುಂದಿನ ವಾರ ಹಾಜರಿ ಕರೆಯುವಾಗ ಲೆಕ್ಚರರು ನಲವತ್ತೊಂದಾದ ಮೇಲೆ ನಲವತ್ತಮೂರು ಎಂದರು. ಮರೆತಿರಬೇಕು ಎಂದುಕೊಂಡೆ. ಮಧ್ಯಾಹ್ನದ ತರಗತಿಯಲ್ಲೂ ನಲವತ್ತೊಂದು, ನಲವತ್ತಮೂರು. ಪಕ್ಕದವಳು ನನ್ನ ಕಡೆ ನೋಡಿದಳು. ತರಗತಿ ಮುಗಿದೊಡನೆ ಕಚೇರಿಗೆ ಹೋದೆ. ಹೆಡ್ ಕ್ಲಾರ್ಕ್ ಒಂದು ಪುಸ್ತಕ ತೆರೆದು ಗೆರೆ ತೋರಿಸಿದರು. ನಾನು ಇನ್ನೊಂದು ಹೆಸರು ಹೇಳಿದಾಗ ಇನ್ನೊಂದು ಪುಸ್ತಕ ತೆರೆದರು. ಆಗ ಅವರಿಗೂ ಅರ್ಥವಾಯಿತು. ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. ಪರೀಕ್ಷೆಗೆ ಕೂರುವವರ ಪಟ್ಟಿ ಶನಿವಾರವೇ ವಿಶ್ವವಿದ್ಯಾಲಯಕ್ಕೆ ಹೋಗಿಯಾಗಿತ್ತು. ಪ್ರಾಂಶುಪಾಲರು ಎರಡು ಪತ್ರ ಬರೆದು ನೋಡಿದರು, ಪ್ರಯೋಜನವಾಗಲಿಲ್ಲ. ಜೂನ್‌ನಲ್ಲಿ ಮೊದಲಿನಿಂದ ಸೇರಬಹುದು ಎಂದರು.

ಆ ಮಾತೊಂದನ್ನು ಹಿಡಿದುಕೊಂಡು ನಾನು ಜೂನ್‌ವರೆಗೆ ಇದ್ದೆ. ಹೊಸ ಫಾರಂ ಬಂತು. ವಿಷಯಗಳನ್ನು ನಾನೇ ತುಂಬಿ ಅಪ್ಪನ ಮುಂದೆ ಹಿಡಿದೆ. ಈ ಸಲ ಮಾವನೇ ಹಾಕಲಿ, ಹಾಗೆಯೇ ಸರಿ ಎಂದರು. ದೋಣಿ ದಾಟಿ ಮಾವನಲ್ಲಿಗೆ ಹೋದೆ. ಭಾವನಿಗೆ ಒಮ್ಮೆ ಅವಮಾನವಾದ ಹಾಗೆ ಮಾಡಿದ್ದೇನೆ ಮಗಳೇ, ಈ ಸಲ ನಿನ್ನ ಅಪ್ಪನೇ ಹಾಕಲಿ ಎಂದರು. ಮತ್ತೆ ಅಪ್ಪ. ಮತ್ತೆ ಮಾವ. ಅಷ್ಟು ಹೊತ್ತಿಗೆ ಫಾರಂ ಮಡಿಕೆಯಲ್ಲಿ ಹರಿಯತೊಡಗಿತ್ತು. ಇಬ್ಬರಿಗೂ ನಾನು ಡಾಕ್ಟರಾಗಬೇಕಿತ್ತು, ಇಬ್ಬರಿಗೂ ಸಹಿ ಮಾಡುವ ಧೈರ್ಯವಿರಲಿಲ್ಲ. ಇಷ್ಟು ಒಳ್ಳೆಯವರ ನಡುವೆ ಹುಟ್ಟಬಾರದು ಎಂದು ಆ ವಾರ ನನಗೆ ನಿಜವಾಗಿ ಅನಿಸಿತ್ತು.

ಕೊನೆಯ ದಿನ ಮಧ್ಯಾಹ್ನ ಫಾರಂ ಅನ್ನು ಅಮ್ಮನ ಮುಂದಿಟ್ಟು ಪೆನ್ನು ಕೈಗೆ ಕೊಟ್ಟೆ. ಅವಳಿಗೆ ಕನ್ನಡದಲ್ಲಿ ಚೆನ್ನಾಗಿ ಸಹಿ ಮಾಡಲು ಬರುತ್ತಿತ್ತು. ಪೆನ್ನು ಹಿಡಿದು, ಸಹಿಯ ಜಾಗದ ಅಚ್ಚಕ್ಷರವನ್ನು ಬೆರಳಿಟ್ಟು ಓದಿದಳು.

"ನಾನು ಹಾಕಿದ್ರೆ ಆಗ್ತದಾ?" ಎಂದು ಕೇಳಿದಳು.

ನನಗೆ ಗೊತ್ತಿರಲಿಲ್ಲ. ತಂದೆ ಅಥವಾ ಪೋಷಕ ಎಂದಷ್ಟೇ ಅಚ್ಚಾಗಿತ್ತು; ಪೋಷಕ ಎಂದರೆ ನಮ್ಮಲ್ಲಿ ಮಾವ. ಎರಡು ಫಾರಂ ಕೊಟ್ಟು ಒಮ್ಮೆ ಸುಟ್ಟುಕೊಂಡವಳು ಮೂರನೆಯ ಸಹಿಗೆ ಹೆದರಿದಳು. ಪೆನ್ನಿನ ಮುಚ್ಚಳ ಹಾಕಿ ನನಗೆ ಹಿಂದೆ ಕೊಟ್ಟಳು. ಕೊನೆಗೆ ನಾನು ಸೇರಿದ್ದು ಶಿಕ್ಷಕಿಯರ ತರಬೇತಿಗೆ, ಅದಕ್ಕೆ ಎಸ್‌.ಎಸ್‌.ಎಲ್‌.ಸಿ. ಸಾಕಾಗಿತ್ತು.

ಆರೇಳು ವರ್ಷದ ಮೇಲೆ, ಪಕ್ಕದ ಮನೆಯ ಹುಡುಗಿಯನ್ನು ಪಿ.ಯು.ಸಿ.ಗೆ ಸೇರಿಸಲು ಅದೇ ಕಚೇರಿಗೆ ಹೋಗಿದ್ದೆ. ಅವಳ ಅಪ್ಪ ಬೊಂಬಾಯಿಯಲ್ಲಿದ್ದರು, ಫಾರಂಗೆ ತಾಯಿ ಸಹಿ ಹಾಕಿದ್ದಳು. ಹೊಸ ಕ್ಲಾರ್ಕ್ ಅದನ್ನು ಸರಿಯಾಗಿ ನೋಡದೆಯೇ ಮುದ್ರೆ ಒತ್ತಿದ. ತಾಯಿಯ ಸಹಿ ಆಗುತ್ತದೆಯೇ ಎಂದು ಕೇಳಿದೆ. ತಾಯಿಯದ್ದು ಆಗದೆ ಮತ್ತೆ ಯಾರದ್ದು ಆಗುವುದು, ಮೊದಲಿನಿಂದಲೂ ಆಗುತ್ತದೆ ಎಂದ.

ಮನೆಗೆ ಬಂದಾಗ ಅಮ್ಮ ಹಿತ್ತಿಲಲ್ಲಿ ಮೀನು ಕೊಯ್ಯುತ್ತಿದ್ದಳು. ಎಲ್ಲಿಗೆ ಹೋಗಿದ್ದೆ ಎಂದು ಕೇಳಿದಳು. ಕಾಲೇಜಿಗೆ ಎಂದು ಹೇಳಲಿಲ್ಲ. ಪೇಟೆಗೆ ಎಂದೆ.