ಓದಿದ ಬಾಯಿ ನಂದು

ಅವರ ಎಡಗೈಯಲ್ಲಿ ಉಳಿದಿದ್ದು ಮೂರೇ ಬೆರಳು. ಆ ಮೂರರಲ್ಲೇ ನಮ್ಮ ಮನೆಯ ಅಕ್ಕಿರೊಟ್ಟಿ ಹಿಡಿದು ಬಲಗೈಯಲ್ಲಿ ಮುರಿದು ತಿನ್ನುತ್ತಿದ್ದರು. ಯಾರಾದರೂ ಕೈ ಕಡೆ ನೋಡಿದರೆ, "ರೊಟ್ಟಿ ಹಿಡಿಯೋಕೆ ಮೂರು ಸಾಕು ಬಿಡು" ಅನ್ನುತ್ತಿದ್ದರು.

ಟೆಕ್ಸಸ್‌ನ ಮೆಕಿನ್ನಿಯಲ್ಲಿ ಅವರು ನಮ್ಮ ಪಕ್ಕದ ಮನೆಯ ಅಂಕಲ್. ಹಾಸನದಲ್ಲಿ ಹುಟ್ಟಿ, ಹತ್ತನೆಯ ವಯಸ್ಸಿಗೆ ಅಪ್ಪ ಅಮ್ಮನ ಜೊತೆ ಟೆಕ್ಸಸ್‌ಗೆ ಬಂದು, ಮುಂದೆ ಅಮೆರಿಕದ ಮರೀನ್ ಪಡೆ ಸೇರಿದವರು. ಅವರ ಕನ್ನಡ ಆ ಹತ್ತನೆಯ ವಯಸ್ಸಿಗೇ ನಿಂತುಬಿಟ್ಟಿತ್ತು. ಯುದ್ಧಕ್ಕೆ ಜಗಳ ಅನ್ನುತ್ತಿದ್ದರು. ತಮ್ಮ ರೆಜಿಮೆಂಟಿನ ಚರಿತ್ರೆಯನ್ನು ನನಗೆ ಹೇಳಿದ್ದೂ ಹಾಗೆಯೇ: ದ್ವೀಪಗಳ ಜಗಳ, ಕಾಡಿನ ಜಗಳ, ಆಮೇಲೆ ತಾವೇ ಹೋಗಿದ್ದ ಮರಳಿನ ಜಗಳ. ರೆಜಿಮೆಂಟಿಗೆ ಬಂದ ಪದಕಗಳ ಬಗ್ಗೆ ಕೇಳಿದರೆ ಎರಡೇ ಮಾತಿಗೆ ಮುಗಿಸುತ್ತಿದ್ದರು. ಸತ್ತವರ ಬಗ್ಗೆ ಕೇಳಿದರೆ ಒಬ್ಬೊಬ್ಬರ ಊರು, ಇಷ್ಟದ ತಿಂಡಿ, ಕೆಟ್ಟ ಜೋಕು ಎಲ್ಲ ಹೊರಗೆ ಬರುತ್ತಿತ್ತು.

ಆ ಚರಿತ್ರೆಯನ್ನು ಅವರು ಪುಸ್ತಕ ಮಾಡುತ್ತಿದ್ದರು. ಕೊನೆಯಲ್ಲಿ ಸತ್ತವರ ಪಟ್ಟಿ. ಹಳೆಯ ಸೈನಿಕರು ವರ್ಷಕ್ಕೊಮ್ಮೆ ಹೂಸ್ಟನ್‌ನಲ್ಲಿ ಸೇರಿದಾಗ ಅದನ್ನು ಓದುವುದು ವಾಡಿಕೆ. ಒಂದು ಹೆಸರು ಓದಿ, ಒಂದು ಸಲ ಗಂಟೆ ಬಾರಿಸುತ್ತಾರೆ. ಆ ಸತ್ತವನ ಮನೆಯವರು ಎದ್ದು ನಿಲ್ಲುತ್ತಾರೆ.

ಪಟ್ಟಿಯನ್ನು ಕಂಪ್ಯೂಟರಿಗೆ ಹಾಕಿಕೊಡುತ್ತೇನೆ ಎಂದು ಮುಂದೆ ಬಿದ್ದವಳು ನಾನೇ. ಪಕ್ಕದ ಊರು ಪ್ಲೇನೋದ ಆಫೀಸಿನಲ್ಲಿ ದಿನವಿಡೀ ನನಗೆ ಅದೇ ಕೆಲಸ, ಎರಡೆರಡು ಸಲ ಬಂದದ್ದನ್ನು ಹುಡುಕಿ ತೆಗೆಯುವುದು. ಅವರ ಹಳೆಯ ಹಾಳೆಗಳಲ್ಲಿ ಹೆಸರು ಮತ್ತು ತುಕಡಿ ಮಾತ್ರ ಇದ್ದವು. ಎಲ್ಲ ಟೈಪ್ ಮಾಡಿ, ಅಭ್ಯಾಸಬಲದಿಂದ ಡ್ಯೂಪ್ಲಿಕೇಟ್ ತೆಗೆಯುವ ಬಟನ್ ಒತ್ತಿದೆ. ಒಂದು ಸಾಲು ಹೋಯಿತು. ಪಟ್ಟಿ ಕ್ಲೀನ್ ಆಯಿತು ಎಂದು ಜಂಭ ಬೇರೆ. "ನಾನೊಂದ್ಸಲ ನೋಡ್ಲಾ?" ಎಂದು ಅವರು ಕೇಳಿದಾಗ, "ಏನೂ ಬೇಡ ಅಂಕಲ್, ಪಕ್ಕಾ ಇದೆ" ಎಂದೆ.

ಹೂಸ್ಟನ್‌ನ ಸಭಾಂಗಣದಲ್ಲಿ ಅವರು ತಲೆ ತಗ್ಗಿಸಿ ಓದುತ್ತಿದ್ದರು. ಒಂದು ಹೆಸರಿಗೆ ಎರಡು ಕಡೆ ಜನ ಎದ್ದರು: ಎಡಗಡೆ ಒಂದು ತುಂಬು ಕುಟುಂಬ, ಬಲಗಡೆ ಆಸ್ಟಿನ್‌ನಿಂದ ಒಬ್ಬರೇ ಬಂದಿದ್ದ ವಯಸ್ಸಾದ ತಾಯಿ. ಒಂದೇ ತುಕಡಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರು, ಇಬ್ಬರೂ ಸತ್ತಿದ್ದರು. ಆ ಕುಟುಂಬವನ್ನು ನೋಡಿ ಆ ತಾಯಿ, ತನ್ನ ಮಗನ ಸರದಿ ಮುಂದಿನದು ಅಂದುಕೊಂಡು ಕೂತರು. ಮುಂದಿನ ಗಂಟೆ ಬಾರಿಸಿದಾಗ ಮತ್ತೆ ಎದ್ದರು. ಆದರೆ ಓದಿದ್ದು ಬೇರೆ ಯಾರದೋ ಹೆಸರು. ಅಂಕಲ್ ತಲೆಯೆತ್ತಿ ಆಕೆಯನ್ನು ಕಂಡು, ತಡವರಿಸಿ, ಹಿಂದಿನ ಹೆಸರನ್ನೇ ಇನ್ನೊಮ್ಮೆ ಓದುವಷ್ಟರಲ್ಲಿ ಆಕೆ ಬ್ಯಾಗ್ ತೆಗೆದುಕೊಂಡು ಹೊರಟುಹೋಗಿದ್ದರು.

ನಾನು ತೆಗೆದ ಸಾಲು ಯಾರದೆಂದು ಹಿಂದೆ ಕೂತಿದ್ದ ನನಗೆ ಆಗ ತಿಳಿದು, ಸಭೆ ಮುಗಿದ ಕೂಡಲೇ ಅವರ ಬಳಿ ಹೋದೆ. "ಅಂಕಲ್, ತೆಗೆದಿದ್ದು ನಾನು. ಎಲ್ಲರಿಗೂ ಹೇಳ್ತೀನಿ" ಎಂದೆ.

"ಓದಿದ ಬಾಯಿ ನಂದು. ನೀನು ಅವನನ್ನ ನೋಡಿರ್ಲಿಲ್ಲ, ನಾನು ನೋಡಿದ್ದೆ. ನೀನು ಸುಮ್ನಿರು" ಎಂದರು. ಸುಮ್ಮನಿದ್ದೆ. ಹೇಳಲು ನಾಚಿಕೆಯಾಗುತ್ತದೆ, ಆ ಮಾತು ಕೇಳಿ ಹಾಯೆನಿಸಿತ್ತು.

ಅಚ್ಚಾಗಿದ್ದ ಪುಸ್ತಕಗಳಲ್ಲಿ ಒಂದೊಂದರಲ್ಲೂ ಆ ಹೆಸರನ್ನು ಕೈಯಾರೆ ಬರೆದರು. ಚೀಟಿ ಪ್ರಿಂಟ್ ಮಾಡಿ ಅಂಟಿಸೋಣ ಎಂದರೆ, "ಚೀಟಿ ಬಿದ್ದೋಗತ್ತೆ" ಎಂದರು. ಮೊದಲ ಪ್ರತಿ ಹಿಡಿದು ತಾವೊಬ್ಬರೇ ಆಸ್ಟಿನ್‌ಗೆ ಡ್ರೈವ್ ಮಾಡಿಕೊಂಡು ಹೋಗಿ ಬಂದರು. ಏನಾಯಿತು ಎಂದು ಕೇಳಿದ್ದಕ್ಕೆ "ಕೊಟ್ಟೆ" ಎಂದರು, ಅಷ್ಟೇ. ಆಮೇಲೆ ನಮ್ಮ ಮನೆಗೆ ಬಂದರೂ ಮೊದಲಿನ ಹಾಗೆ ಮಾತಾಡಲಿಲ್ಲ. "ಹೋಗಿ ಆ ಅಮ್ಮನಿಗೆ ನಿಜ ಹೇಳಿ ಬಂದ್ಬಿಡು, ನಾಲ್ಕು ಗಂಟೆ ದಾರಿ ತಾನೇ" ಎಂದು ನನ್ನ ಗಂಡ ಎಷ್ಟು ಸಲ ಹೇಳಿದರೋ. ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ, ಮಗಳಿಗೆ ಪರೀಕ್ಷೆ ಇದೆ ಎಂದು ದಿನ ದೂಡಿದೆ. ಮರುವರ್ಷದ ಸಭೆಗೆ ಮುಂಚೆಯೇ ಅಂಕಲ್ ಹೃದಯಾಘಾತವಾಗಿ ಹೋಗಿಬಿಟ್ಟರು.

ಅಂತ್ಯಕ್ರಿಯೆಗೆ ಆಸ್ಟಿನ್‌ನ ಆ ತಾಯಿ ಬಂದಿದ್ದರು. ನಾನು ಯಾರೆಂದು ತಿಳಿಯದೆ ನನ್ನ ಪಕ್ಕದಲ್ಲೇ ಕೂತು, ಇಂಗ್ಲಿಷಿನಲ್ಲಿ ಮೆಲ್ಲಗೆ ಹೇಳಿದರು: "ಕ್ಷಮಿಸಿ ಎಂದು ನನ್ನ ಮನೆಗೆ ಬಂದಿದ್ದರು. ನಾನು ಪುಸ್ತಕ ತೆಗೆದುಕೊಂಡು ಬಾಗಿಲು ಹಾಕಿದೆ."

ಇನ್ನು ತಡೆಯಲಾಗಲಿಲ್ಲ. "ಮ್ಯಾಮ್, ನಿಮ್ಮ ಮಗನ ಹೆಸರು ತೆಗೆದವಳು ನಾನು. ಅವರಲ್ಲ" ಎಂದೆ.

ಆಕೆ ನನ್ನ ಮುಖವನ್ನೇ ನೋಡಿದರು. "ಅವರಿಗೆ ಗೊತ್ತಿತ್ತೇ?"

"ಗೊತ್ತಿತ್ತು."

ಆಕೆ ಎದ್ದು ಹೋಗಿ ಶವಪೆಟ್ಟಿಗೆಯ ಮೇಲೆ ಹಣೆಯಿಟ್ಟು ಅತ್ತರು. ಆ ಕ್ಷಮೆ ಅಂಕಲ್‌ಗೆ ಬದುಕಿದ್ದಾಗಲೇ ಸಿಗಬೇಕಿತ್ತು. ಅದು ನನ್ನ ಒಂದು ಮಾತಿನ ದೂರದಲ್ಲಿತ್ತು, ಆ ಮಾತನ್ನು ನಾನು ಆಡಲಿಲ್ಲ.